ಪ್ರಬಂಧದಲ್ಲಿ ಅಲ್ಪವಿರಾಮ ಹಾಕುವುದು ತಪ್ಪಲ್ಲ

ರಾಯಚೂರಿನ ಕಾಲೇಜು ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಸಾಹಿತ್ಯ ಪ್ರಬಂಧದಲ್ಲಿ ಅಲ್ಪವಿರಾಮ, ಪ್ರಶ್ನಾರ್ಥಕ ಚಿಹ್ನೆ ಹಾಕಬಾರದಂತೆ, ಅವು ಇಂಗ್ಲಿಷಿನವಂತೆ, ಶುದ್ಧ ಕನ್ನಡಕ್ಕೆ ದಂಡ, ಅಂದರೆ ಸಾಲಿನ ಕೊನೆಗೆ ಎಳೆಯುವ ನೇರ ಗೀಟು (।) ಮಾತ್ರವಂತೆ. ಇದು ಸರಿಯಲ್ಲ.

ಹಳೆಯ ಶಾಸನಗಳಲ್ಲಿ, ತಾಳೆಗರಿಗಳಲ್ಲಿ ಅಲ್ಪವಿರಾಮ ಇರಲಿಲ್ಲ, ನಿಜ. ಈ ಚಿಹ್ನೆಗಳು 19ನೇ ಶತಮಾನದಲ್ಲಿ ಅಚ್ಚಿನ ಜೊತೆ ಬಂದವು. ಆದರೆ ಬಂದು ನೂರು ವರ್ಷದ ಮೇಲಾಯಿತು, ಅಲ್ವಾ? ಇವತ್ತು ಶಾಲೆಯ ಕನ್ನಡ ವ್ಯಾಕರಣದಲ್ಲೇ ಲೇಖನ ಚಿಹ್ನೆಗಳ ಪಾಠ ಇದೆ. ದಂಡ ಈಗ ಪದ್ಯದಲ್ಲಿ ಕಾಣುತ್ತದೆ. ಗದ್ಯದಲ್ಲಿ ವಾಕ್ಯ ಮುಗಿದರೆ ಚುಕ್ಕೆ.

"ಹಳೆಯ ಕೋಟೆ ಪಕ್ಕದ ಕೆರೆ" ಎಂದು ಬರೆದು ನೋಡಿ. ಹಳೆಯದು ಕೋಟೆಯೋ, ಕೆರೆಯೋ? "ಹಳೆಯ, ಕೋಟೆ ಪಕ್ಕದ ಕೆರೆ" ಎಂದರೆ ಕೆರೆಯೇ ಹಳೆಯದು ಅಂತ ಗೊತ್ತಾಗುತ್ತದೆ. ಇಷ್ಟು ಕೆಲಸಕ್ಕೆ ಬರುವ ಚಿಹ್ನೆಯನ್ನು ಸುಮ್ನೆ ಬಿಡಬೇಡಿ.

ಮೆಸೇಜಿನ ಒಂದು ಮಾತು ಒಪ್ಪುವಂಥದ್ದು: ಆಶ್ಚರ್ಯಸೂಚಕ ಜಾಸ್ತಿ ಬೇಡ. ಮೂರು ಮೂರು ಸಾಲಾಗಿ ಹಾಕಿದರೆ ಪ್ರಬಂಧದ ತೂಕ ಹೋಗುತ್ತದೆ.

ಉದ್ಧರಣ ಚಿಹ್ನೆಯ ಗೊಂದಲವೂ ಇದೆ. ಬೇರೆಯವರ ಅಭಿಪ್ರಾಯವನ್ನು ನಿಮ್ಮ ಮಾತಲ್ಲಿ ಹೇಳುವಾಗ ಅದು ಬೇಡ. ಮಾನ್ವಿಯ ಹರಿದಾಸ ಕವಿ ಜಗನ್ನಾಥದಾಸರ ಸಾಲನ್ನು ಹಾಗೇ ಎತ್ತಿ ಬರೆದರೆ ಮಾತ್ರ ಹಾಕಲೇಬೇಕು. ಇಲ್ಲದಿದ್ದರೆ ಓದುವವರು ಅದನ್ನು ನಿಮ್ಮ ಸಾಲು ಅಂದುಕೊಳ್ಳುತ್ತಾರೆ.