ತಬ್ಬಿಕೊಂಡರು ಸರಿ, ಆಮೇಲೇನಾಯ್ತು?

ಈಗಷ್ಟೇ ಒಂದು ವಿಡಿಯೋ ನೋಡಿ ತಲೆ ಕೆಟ್ಟಿದೆ. ಹದಿನೆಂಟನೇ ಶತಮಾನದ ಅಮೆರಿಕದ ಬೋಧಕ ಮಾರ್ಟಿನ್ ಬೋಮ್ ಬಗ್ಗೆ. ಹಿಂದೆ ಪಿಯಾನೊ, ಮುಂದೆ ತಬ್ಬಿಕೊಂಡ ಇಬ್ಬರು ಬೋಧಕರು, 'ನಾವು ಸಹೋದರರು' ಅನ್ನೋ ಮಾತು. ಮುಗೀತು. ಮುಗೀತಾ? ಚರ್ಚಿನ ಹಳೇ ಕಥೆ ಅಂದ್ರೆ ನನಗೆ ಹುಚ್ಚು ಅಂತ ನಿಮಗೆ ಗೊತ್ತೇ ಇದೆ. ಸಹಿಸಿಕೊಳ್ಳಿ.

ಬೋಮ್ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯ ರೈತ, ಮೆನೊನೈಟ್. ಅಂದ್ರೆ ಆಣೆ ಇಡದ, ಯುದ್ಧಕ್ಕೆ ಹೋಗದ ಕ್ರೈಸ್ತ ಪಂಗಡದವರು. ಹುಟ್ಟಿದ್ದು 1725ರಲ್ಲಿ. ಅವರ ಸಭೆಗಳಲ್ಲಿ ಸಂಬಳದ ಪಾಸ್ಟರ್ ಇರುತ್ತಿರಲಿಲ್ಲ. ಬೋಧಕರನ್ನು ಆರಿಸೋಕೆ ತಮ್ಮಲ್ಲೇ ಕೆಲವರ ಹೆಸರು ಹೇಳಿ ಚೀಟಿ ಎತ್ತಿಸುತ್ತಿದ್ದರು. 1756ರ ಸುಮಾರಿಗೆ ಚೀಟಿ ಇವರಿಗೆ ಬಂತು. ದೇವರೇ ಆರಿಸಿದ ಅಂತ ಲೆಕ್ಕ.

ಆದರೆ ಎದ್ದು ನಿಂತರೆ ಮಾತೇ ಹೊರಡದು. ಉಳುವಾಗ ಪ್ರತಿ ಸಾಲಿನ ಕೊನೆಗೆ ಮಂಡಿಯೂರಿ ಪ್ರಾರ್ಥಿಸುತ್ತಿದ್ದರಂತೆ. ಒಂದು ದಿನ ಸಾಲು ಮುಗಿಯುವ ತನಕವೂ ತಡೆಯಲಾಗದೆ ನಡುಹೊಲದಲ್ಲೇ ಕುಸಿದರು. ಅದಾದ ಮೇಲೆ ಮಾತು ಬಂತು. ಮೈಕ್ ಕಂಡರೆ ಬೆವರುವ ನನಗೆ ಇದನ್ನು ಓದಿದಾಗಲೆಲ್ಲ ಕಣ್ಣು ತುಂಬುತ್ತೆ. ನಗಬೇಡಿ.

1767ರ ಸುಮಾರಿಗೆ ಐಸಾಕ್ ಲಾಂಗ್ ಅನ್ನೋ ರೈತರ ಕೊಟ್ಟಿಗೆಯಲ್ಲಿ ದೊಡ್ಡ ಕೂಟ. ಬೋಮ್ ಮಾತು ಕೇಳಿದ ಒಟರ್‌ಬೈನ್ ಬಂದು ತಬ್ಬಿಕೊಂಡರು. ಒಟರ್‌ಬೈನ್ ಜರ್ಮನ್ ರಿಫಾರ್ಮ್ಡ್ ಅನ್ನೋ ಬೇರೆ ಪ್ರೊಟೆಸ್ಟೆಂಟ್ ಪಂಗಡದ ಪಾಸ್ಟರ್, ಚೆನ್ನಾಗಿ ಓದಿಕೊಂಡವರು. ವಿಡಿಯೋದವರಿಗೆ ಇಲ್ಲಿಗೇ ಶುಭಂ!

ಆಮೇಲೇನಾಯ್ತು ಸ್ವಾಮಿ? 1770ರ ದಶಕದಲ್ಲಿ ಬೋಮ್‌ರನ್ನು ಅವರದೇ ಮೆನೊನೈಟ್ ಸಭೆ ಹೊರಗೆ ಹಾಕಿತು. ಆಣೆ ಇಡುವವರ, ಯುದ್ಧಕ್ಕೆ ಹೋಗುವವರ ಜೊತೆ ಸೇರುತ್ತಾರೆ ಅನ್ನೋದು ಮುಖ್ಯ ಆರೋಪ. ಒಳಗೆ ಕರೆಯೋಕೆ ದೇವರ ಚೀಟಿ ಬೇಕಿತ್ತು. ಹೊರಗೆ ಹಾಕೋಕೆ ಹಿರಿಯರ ಸಿಟ್ಟು ಸಾಕಾಯ್ತಾ? ಆಗಲೂ ಒಂದು ಚೀಟಿ ಎತ್ತಬಹುದಿತ್ತಲ್ಲ?

ಪಾಪ, ಆ ಹಿರಿಯರಿಗೂ ಕಾರಣ ಇತ್ತು ಅಂತೀರಿ. ಇತ್ತು. ಯುರೋಪಿನಲ್ಲಿ ಅವರ ಪೂರ್ವಜರನ್ನು ನಂಬಿಕೆಯ ಕಾರಣಕ್ಕೆ ನೀರಲ್ಲಿ ಮುಳುಗಿಸಿ, ಬೆಂಕಿಗೆ ಹಾಕಿ ಕೊಂದಿದ್ದರು. ಬೇಲಿ ಬಿಗಿಯಾಗೇ ಇರುತ್ತೆ. ಆದರೆ ಯುದ್ಧಕ್ಕೆ ಹೋಗುವವನ ಪಕ್ಕ ಕೂತು ಪ್ರಾರ್ಥಿಸಿದರೆ ಬಂದೂಕು ಅಂಟಿಕೊಳ್ಳುತ್ತಾ? ಸುಮ್ನೆ ನೆಪ.

ಬೋಮ್ ಬೋಧನೆ ಬಿಡಲಿಲ್ಲ. 1791ರಲ್ಲಿ ಅವರ ಕುಟುಂಬದ ಜಮೀನಿನಲ್ಲೇ ಮೆಥಡಿಸ್ಟ್ ಅನ್ನೋ ಇನ್ನೊಂದು ಪ್ರೊಟೆಸ್ಟೆಂಟ್ ಪಂಗಡದವರ ಕಲ್ಲಿನ ಚಾಪೆಲ್ (ಚಿಕ್ಕ ಚರ್ಚು) ಎದ್ದಿತು. ಜನ ಅದನ್ನು ಬೋಮ್ಸ್ ಚಾಪೆಲ್ ಅಂತಲೇ ಕರೆದರು. 1800ರಲ್ಲಿ ಮೇರಿಲ್ಯಾಂಡ್‌ನಲ್ಲಿ ಯುನೈಟೆಡ್ ಬ್ರೆದರನ್ ಸಭೆ ಶುರುವಾದಾಗ ಒಟರ್‌ಬೈನ್ ಜೊತೆ ಇವರೂ ಬಿಷಪ್. ಈ ಸಲ ಚೀಟಿಯಿಂದಲ್ಲ, ಜೊತೆಯ ಬೋಧಕರೇ ಆರಿಸಿದ್ದು. 1812ರಲ್ಲಿ ತೀರಿಕೊಂಡಾಗ 86 ವರ್ಷ. ಇಷ್ಟನ್ನು ಹೇಳೋಕೆ ಇನ್ನೆರಡು ನಿಮಿಷ ಸಾಕಿತ್ತು, ಅಲ್ವಾ?