ಹೊಟ್ಟೆಪಾಡಿಗೆ ಬಣ್ಣ ಹಚ್ಚದ ದತ್ತಣ್ಣ

ಕನ್ನಡ ಸಿನಿಮಾದಲ್ಲಿ ದತ್ತಣ್ಣನ ಯೌವನ ನೋಡಿದವರು ಯಾರೂ ಇಲ್ಲ. ದತ್ತಣ್ಣ ಅಂದ್ರೆ ನಟ ಎಚ್.ಜಿ. ದತ್ತಾತ್ರೇಯ, ಹುಟ್ಟಿದ್ದು 1942ರಲ್ಲಿ, ಚಿತ್ರದುರ್ಗದಲ್ಲಿ. ಅವರ ಶುರುವಿನ ಸಿನಿಮಾಗಳಲ್ಲೊಂದಾದ ‘ಉದ್ಭವ’ ಬಂದದ್ದು 1990ರಲ್ಲಿ. ಅಂದ್ರೆ ಬೇರೆಯವರು ಹೀರೋ ಪಾತ್ರ ಬಿಟ್ಟು ಅಪ್ಪನ ಪಾತ್ರಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳುವ ವಯಸ್ಸಲ್ಲಿ ಈ ಮನುಷ್ಯ ಶುರು ಹಚ್ಚಿಕೊಂಡರು. ಇಂಜಿನಿಯರಿಂಗ್ ಓದಿ, ವಾಯುಪಡೆ ಸೇರಿ, ವಿಂಗ್ ಕಮಾಂಡರ್ ಆಗಿ ಹೊರಬಂದವರು, ವಿಮಾನ ತಯಾರಿಸುವ ಎಚ್.ಎ.ಎಲ್. ಕೂಡ ನೋಡಿದವರು.

ಇದನ್ನ ಎಲ್ಲರೂ ‘ಸ್ಫೂರ್ತಿ ಕಥೆ’ ಅಂತ ಹಂಚಿಕೊಳ್ಳುತ್ತಾರೆ. ವಯಸ್ಸು ಬರೀ ನಂಬರ್ ಅಂತೆ, ಕನಸಿಗೆ ಮುಪ್ಪಿಲ್ಲವಂತೆ. ನನಗೆ ಈ ಮಾತು ಕೇಳಿದಾಗೆಲ್ಲ ಸ್ವಲ್ಪ ಕಿರಿಕಿರಿ. ಯಾಕಂದ್ರೆ ದತ್ತಣ್ಣನ ಕಥೆಯಲ್ಲಿ ಕನಸಿನಷ್ಟೇ ಮುಖ್ಯವಾದದ್ದು ಇನ್ನೊಂದಿದೆ. ಮನೆ ನಡೆಸೋಕೆ ಅವರು ಸಿನಿಮಾದ ಮುಂದೆ ಕೈಚಾಚಬೇಕಿರಲಿಲ್ಲ.

ಬೆಂಗಳೂರಿನ ಹವ್ಯಾಸಿ ರಂಗಭೂಮಿ ನೋಡಿದವರಿಗೆ ಇದು ಗೊತ್ತು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಐ.ಟಿ.ಐ., ಬಿ.ಇ.ಎಲ್.ನಂಥ ಸರ್ಕಾರಿ ಕಾರ್ಖಾನೆ, ಬ್ಯಾಂಕು, ಎಲ್ಐಸಿ, ಇಂಥ ಕಡೆ ಕೆಲಸ ಮಾಡುತ್ತಿದ್ದವರೇ ಸಂಜೆ ನಾಟಕದ ತಾಲೀಮಿಗೆ ಬರುತ್ತಿದ್ದರು. ಕೆಲಸ ಬೆಳಗ್ಗೆ, ಕಲೆ ಸಂಜೆ. ದತ್ತಣ್ಣನ ಅಣ್ಣ, ದಿವಂಗತ ಎಚ್.ಜಿ. ಸೋಮಶೇಖರ ರಾವ್ ಬ್ಯಾಂಕಿನಲ್ಲಿದ್ದವರು, ಅವರೂ ಒಳ್ಳೆಯ ನಟರಾಗಿದ್ದರು. ನಟ, ನಾಟಕಕಾರ ಎಸ್.ಎನ್. ಸೇತುರಾಮ್ ಆದಾಯ ತೆರಿಗೆ ಇಲಾಖೆಯಲ್ಲಿದ್ದವರು. ನಮ್ಮ ಒಳ್ಳೆಯ ಪೋಷಕ ನಟರಲ್ಲಿ ಎಷ್ಟೋ ಜನರನ್ನ ಸಾಕಿದ್ದು ಗಾಂಧಿನಗರದ ಸಿನಿಮಾ ಉದ್ಯಮ ಅಲ್ಲ, ತಿಂಗಳ ಸಂಬಳ.

ಸಿನಿಮಾ ದುಡ್ಡಿನ ಹಂಗಿಲ್ಲದ ನಟ ಹೇಗಿರ್ತಾನೆ ಅನ್ನೋದು ಅವನ ಪಾತ್ರಗಳಲ್ಲೇ ಕಾಣುತ್ತೆ. ‘ಮೌನಿ’ ನೋಡಿ. ಅನಂತಮೂರ್ತಿಯವರ ಕಥೆ, ಬಿ.ಎಸ್. ಲಿಂಗದೇವರು ನಿರ್ದೇಶನ. ಎದುರಿಗೆ ಅನಂತನಾಗ್. ಅಂಥವರ ಮುಂದೆ ಯಾರಾದರೂ ಸ್ವಲ್ಪ ಜಾಸ್ತಿ ಮಾಡೋಕೆ ಹೋಗ್ತಾರೆ, ಅದು ಸಹಜ. ದತ್ತಣ್ಣ ಮಾತ್ರ ಕಮ್ಮಿ ಮಾಡುತ್ತಾ ಹೋಗುತ್ತಾರೆ. ಮುಖದಲ್ಲಿ ಏನೂ ನಡೀತಿಲ್ಲ ಅನ್ನಿಸುತ್ತೆ, ಆದರೆ ಕಣ್ಣು ತೆಗೆಯೋಕಾಗಲ್ಲ. ಸೋಲುತ್ತಿರುವ ಮನುಷ್ಯ ಮೊದಲು ಕೂಗಾಡ್ತಾನೆ, ಆಮೇಲೆ ಗೊಣಗ್ತಾನೆ, ಕೊನೆಗೆ ಅದನ್ನೂ ಬಿಡ್ತಾನಲ್ಲ, ಆ ಕೊನೆಯ ಹಂತವನ್ನ ಅಷ್ಟು ಚೆನ್ನಾಗಿ ಮಾಡಿದವರನ್ನ ನಾನು ಬೇರೆ ನೋಡಿಲ್ಲ.

ಮಾತಾಡುವಾಗಲೂ ಅಷ್ಟೇ. ಡೈಲಾಗನ್ನ ಒಪ್ಪಿಸೋದಿಲ್ಲ ಅವರು. ವಾಕ್ಯದ ಕೊನೆಯನ್ನ ಅರ್ಧ ನುಂಗಿಬಿಡ್ತಾರೆ, ನಮ್ಮ ಮನೆಯ ಹಿರಿಯರು ಪೇಪರ್ ಓದುತ್ತಾ ಉತ್ತರ ಕೊಟ್ಟ ಹಾಗೆ. ‘ನೀರ್ ದೋಸೆ’ಯಲ್ಲಿ ಅದೇ ದನಿಯಲ್ಲಿ ಪೋಲಿ ಮಾತು ಬಂದಾಗ ಕೆಲವರು ಮುಖ ಸಿಂಡರಿಸಿದರು, ದತ್ತಣ್ಣ ಇಂಥದ್ದು ಮಾಡಬಹುದಾ ಅಂತ. ಯಾಕೆ ಮಾಡಬಾರದು? ಎಪ್ಪತ್ತು ದಾಟಿದ ಮೇಲೂ ಮಡಿ ಮಡಿ ಅಂತ ಕೂತಿರಬೇಕಾ? ನನಗಂತೂ ಅದು ಇಷ್ಟವಾಯಿತು.

ಟೀವಿ ಬಗ್ಗೆ ಒಂದು ಮಾತು. ‘ಮಾಯಾಮೃಗ’ ಧಾರಾವಾಹಿಯನ್ನ ಟಿ.ಎನ್. ಸೀತಾರಾಮ್ ಜೊತೆ ಸೇರಿ ನಿರ್ದೇಶಿಸಿದವರಲ್ಲಿ ಪಿ. ಶೇಷಾದ್ರಿಯೂ ಒಬ್ಬರು, ದತ್ತಣ್ಣ ಅದರಲ್ಲಿ ನಟಿಸಿದ್ದರು. ಆಮೇಲೆ ಅದೇ ಶೇಷಾದ್ರಿ 2000ದಲ್ಲಿ ‘ಮುನ್ನುಡಿ’ ಮಾಡಿದರು, ಬೊಳುವಾರು ಮಹಮದ್ ಕುಂಞಿ ಅವರ ಕಥೆ. ಅದಕ್ಕೆ ದತ್ತಣ್ಣನಿಗೆ ಅತ್ಯುತ್ತಮ ಪೋಷಕ ನಟ ಅಂತ ರಾಷ್ಟ್ರಪ್ರಶಸ್ತಿ ಬಂತು. ಮುಂದೆ ‘ಭಾರತ್ ಸ್ಟೋರ್ಸ್’ ಬಂತು, ಮಾಲ್‌ಗಳ ಮುಂದೆ ಕುಸಿಯುವ ದಿನಸಿ ಅಂಗಡಿ ಶೆಟ್ಟರ ಕಥೆ. ಅಲ್ಲಿ ಅವರು ಪೋಷಕ ನಟ ಅಲ್ಲ, ಸಿನಿಮಾವೇ ಅವರ ಹೆಗಲ ಮೇಲೆ. ಆದರೂ ಎಷ್ಟು ಜನ ಥಿಯೇಟರಿಗೆ ಹೋಗಿ ನೋಡಿದೆವು ಹೇಳಿ? 2019ರಲ್ಲಿ ಹಿಂದಿಯ ‘ಮಿಷನ್ ಮಂಗಲ್’ ಬಂದಾಗ ಮಾತ್ರ ಎಲ್ಲರ ಫೇಸ್‌ಬುಕ್ ಗೋಡೆ ಮೇಲೂ ದತ್ತಣ್ಣ. ಅಕ್ಷಯ್ ಕುಮಾರ್ ಪಕ್ಕ ನಿಂತರೆ ನಮ್ಮವರು ನಮಗೆ ದೊಡ್ಡವರಾಗಿ ಕಾಣ್ತಾರೆ. ವಿಮಾನದವರ ಜೊತೆ ಜೀವನ ಕಳೆದ ಇಂಜಿನಿಯರ್ ಅಲ್ಲಿ ಇಸ್ರೋ ವಿಜ್ಞಾನಿಯ ಪಾತ್ರ ಮಾಡಿದ್ದರು ಅನ್ನೋ ತಮಾಷೆ ಎಷ್ಟು ಜನಕ್ಕೆ ಗೊತ್ತಿತ್ತೋ ಏನೋ.

ಈಗ ನನ್ನ ತಕರಾರಿಗೆ ಬರ್ತೀನಿ. ಇವತ್ತು ಇಪ್ಪತ್ತೈದು ವರ್ಷದ ಹುಡುಗನೊಬ್ಬ ದತ್ತಣ್ಣನ ಥರದ ನಟ ಆಗ್ತೀನಿ ಅಂತ ಹೊರಟರೆ ಏನು ಗತಿ? ಅವನಿಗೆ ವಾಯುಪಡೆಯ ಪಿಂಚಣಿ ಇಲ್ಲ. ಸಂಜೆ ಐದಕ್ಕೆ ಬಿಟ್ಟು ತಾಲೀಮಿಗೆ ಕಳಿಸುವ ಕಾರ್ಖಾನೆಯ ಕೆಲಸವೂ ಇಲ್ಲ. ಇರೋದು ಧಾರಾವಾಹಿ. ದಿನದ ಲೆಕ್ಕದ ಪೇಮೆಂಟು, ಅದೂ ತಿಂಗಳುಗಟ್ಟಲೆ ತಡ. ಬೆಳಗ್ಗೆಯಿಂದ ರಾತ್ರಿಯವರೆಗೆ ಮೇಕಪ್ ಹಾಕಿಕೊಂಡು ಕೂತು, ಬಾಗಿಲ ಹತ್ತಿರ ನಿಂತು ಬೆಚ್ಚಿಬೀಳುವ ಒಂದು ಶಾಟ್ ಕೊಟ್ಟು ಮನೆಗೆ ಹೋಗೋದು. ಬಾಡಿಗೆ ಕಟ್ಟಬೇಕಾದವನು ‘ಈ ಪಾತ್ರ ನಂಗೆ ಬೇಡ’ ಅನ್ನಲ್ಲ. ಅನ್ನೋಕೆ ಆಗಲ್ಲ. ಹತ್ತು ವರ್ಷ ಅದೇ ಬೆಚ್ಚಿಬೀಳೋದನ್ನ ಮಾಡಿದರೆ ಎಂಥ ನಟನ ಮುಖವೂ ಸವೆದುಹೋಗುತ್ತೆ.

ದತ್ತಣ್ಣನಂಥವರು ಮತ್ತೆ ಬರಲಿಲ್ಲವಲ್ಲ ಅಂತ ಕೊರಗುವವರು ದಯವಿಟ್ಟು ಪ್ರತಿಭೆ ಕಮ್ಮಿಯಾಗಿದೆ ಅನ್ನಬೇಡಿ. ರಂಗಶಂಕರದಲ್ಲೋ ಕಲಾಗ್ರಾಮದಲ್ಲೋ ಹೋಗಿ ಒಂದು ನಾಟಕ ನೋಡಿ ಬನ್ನಿ. ಹುಡುಗರು ಚೆನ್ನಾಗೇ ಮಾಡ್ತಿದ್ದಾರೆ. ಅವರಿಗೆ ಪೇಮೆಂಟು ಯಾವತ್ತು ಬರುತ್ತೆ ಅಂತ ಯಾರಾದರೂ ನಿರ್ಮಾಪಕರನ್ನ ಕೇಳಿ.