ಮಣ್ಣಿಗೆ ಥರ್ಮಾಮೀಟರ್ ಚುಚ್ಚುವವರ ನಡುವೆ

ನಾನೀಗ ಇರುವ ಚಳಿನಾಡಿನಲ್ಲಿ ಬಿತ್ತುವ ಮೊದಲು ಮಣ್ಣಿಗೆ ಥರ್ಮಾಮೀಟರ್ ಚುಚ್ಚುತ್ತಾರೆ. ಬಂದ ಹೊಸದರಲ್ಲಿ ಇದು ಅತಿಯಾಯಿತು ಅನ್ನಿಸಿತ್ತು. ನಾವು ಹದ ನೋಡಿ ಬಿತ್ತುವವರು, ಹದ ಅಂದರೆ ನಮಗೆ ತೇವ. ಬಿಸಿ ಹೇಗೂ ಇದ್ದೇ ಇರುತ್ತದೆ, ಅದನ್ನು ಯಾರು ಅಳೆಯುತ್ತಾರೆ?

ಮಾತು ಕೇಳದೆ ಒಂದು ವರ್ಷ ಸೋಯಾ ಅವರೆಯನ್ನು ಬೇಗ ಬಿತ್ತಿದೆ. ಗೊಬ್ಬರವನ್ನೇ ಕಾಣದ ಮರಳು ಮಣ್ಣು. ಮೊಳಕೆ ಬಂತು, ಒಂದೆರಡು ಎಲೆ ಬಿಟ್ಟಿತು, ಆಮೇಲೆ ಹಳದಿಯಾಗಿ ನಿಂತೇಬಿಟ್ಟಿತು. ಬೀಜಕ್ಕೆ ರೈಜೋಬಿಯಂ ಹಚ್ಚಿಯೇ ಬಿತ್ತಿದ್ದೆ, ಬೇರಿನಲ್ಲಿ ಗಂಟು ಕಟ್ಟಿಸಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುವ ಬ್ಯಾಕ್ಟೀರಿಯಾ ಅದು. ಒಂದು ಗಿಡವನ್ನು ಮಣ್ಣು ಸಮೇತ ಎತ್ತಿ ಬೇರು ತೊಳೆದರೆ ಸಾಸಿವೆಗಿಂತ ಸಣ್ಣ ಗಂಟು ನಾಲ್ಕೋ ಐದೋ. ಉಗುರಿನಿಂದ ಸೀಳಿದೆ, ಒಳಗೆ ಬಿಳಿ. ದುಡಿಯುವ ಗಂಟಿನ ಒಳಗು ನಸುಗೆಂಪಾಗಿರುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ನೆಂಟನಾದ ಲೆಗ್‌ಹಿಮೋಗ್ಲೋಬಿನ್ ಕೊಡುವ ಬಣ್ಣ ಅದು. ಅವತ್ತು ಬೆಳಿಗ್ಗೆ ಮಣ್ಣು ಇದ್ದದ್ದು 13 ಡಿಗ್ರಿ.

ಸೋಯಾ ಬೇರಿಗೆ 25ರಿಂದ 30 ಡಿಗ್ರಿ ಹಿತ. ಬೇರು ಜೆನಿಸ್ಟೀನ್‌ನಂಥ ರಾಸಾಯನಿಕ ಬಿಟ್ಟು ಬ್ಯಾಕ್ಟೀರಿಯಾವನ್ನು ಕರೆಯುತ್ತದೆ, ಅದು ತನ್ನ ಸಂಕೇತದಲ್ಲಿ ಓಗೊಡುತ್ತದೆ, ಆಮೇಲೆ ಗಂಟು. ತಣ್ಣನೆಯ ಮಣ್ಣಿನಲ್ಲಿ ಈ ಕರೆಯೂ ಓಗೊಡುವುದೂ ಎರಡೂ ಸೋಲುತ್ತವೆ, ಗಂಟು ಕಟ್ಟುವುದು ವಾರಗಟ್ಟಲೆ ತಡವಾಗುತ್ತದೆ. ಅಷ್ಟರಲ್ಲಿ ಬೀಜದೊಳಗಿನ ಸಾರಜನಕದ ಬುತ್ತಿ ಮುಗಿದಿರುತ್ತದೆ. ಫಲವತ್ತಾದ ಮಣ್ಣಾದರೆ ಈ ನಡುವಿನ ದಿನಗಳಿಗೆ ಒಂದಿಷ್ಟು ನೈಟ್ರೇಟ್, ಅಂದರೆ ಬೇರು ನೇರ ಹೀರಬಲ್ಲ ಸಾರಜನಕ, ಸಾಲ ಕೊಡುತ್ತದೆ. ಬಡ ಮಣ್ಣು ಎಲ್ಲಿಂದ ಕೊಟ್ಟೀತು? ಅದೇ ಚಳಿ ಒಳ್ಳೆಯ ಮಣ್ಣಿನ ಗಿಡವನ್ನು ನಿಧಾನ ಮಾಡಿದರೆ ಬಡ ಮಣ್ಣಿನ ಗಿಡವನ್ನು ಉಪವಾಸ ಕೆಡವುತ್ತದೆ.

ರಂಜಕದ್ದೂ ಇದೇ ಕಥೆ, ಇನ್ನೂ ಕೆಟ್ಟದ್ದು. ಗಾಳಿಯ ಒಂದೇ ಒಂದು ಸಾರಜನಕದ ಅಣುವನ್ನು ಒಡೆಯಲು ಗಂಟು ಕಡಿಮೆಯೆಂದರೂ 16 ಎಟಿಪಿ (ಜೀವಕೋಶದ ಶಕ್ತಿಯ ನಾಣ್ಯ) ಖರ್ಚು ಮಾಡುತ್ತದೆ, ಎಟಿಪಿಗೆ ರಂಜಕ ಬೇಕೇ ಬೇಕು. ತಣ್ಣನೆಯ ಮಣ್ಣಿನಲ್ಲಿ ರಂಜಕ ಬೇರಿನತ್ತ ಸರಿಯುವುದು ನಿಧಾನ, ಬೇರೂ ಮೋಟು. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಮಾತ್ರ ಅಂಕಿ ಬದಲಾಗುವುದಿಲ್ಲ. ಆ ಚೀಟಿಯಲ್ಲಿ ಉಷ್ಣತೆಗೊಂದು ಕಾಲಂ ಇಲ್ಲದಿರುವುದು ನನ್ನ ದೊಡ್ಡ ತಕರಾರು.

ಹಾಗಂತ ಇಲ್ಲಿಯವರದ್ದೆಲ್ಲ ಸರಿ ಅನ್ನಲಾರೆ. ಎಲೆ ಹಳದಿಯಾಯಿತೋ ಇಲ್ಲವೋ, ಯೂರಿಯಾಕ್ಕೆ ಕೈ ಹಾಕುತ್ತಾರೆ. ಒಂದು ಹಿಡಿ ಇರಲಿ. ಜಾಸ್ತಿಯಾದರೆ ಗಿಡ ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ, ಬಿಟ್ಟಿ ಊಟ ಸಿಗುವಾಗ ಯಾರು ಒಲೆ ಹಚ್ಚುತ್ತಾರೆ! ಬಟಾಣಿ, ಮೇವಿನ ಕ್ಲೋವರ್‌ನಂಥ ಚಳಿ ತಾಳುವ ಬೆಳೆ ಇರುವಾಗ ಸೋಯಾಕ್ಕೇ ಜೋತುಬೀಳುವುದೂ ನನಗೆ ಅರ್ಥವಾಗಿಲ್ಲ. ಬಟಾಣಿ 5 ಡಿಗ್ರಿಯಲ್ಲೂ ಮೊಳೆಯುತ್ತದೆ. ಉತ್ತರ ಧ್ರುವದ ಅಂಚಿನ ಬರಡು ನೆಲದಲ್ಲೂ ಕಾಡು ದ್ವಿದಳ ಸಸ್ಯಗಳಿವೆ, ಅವುಗಳ ಬೇರಿನಲ್ಲಿ ಚಳಿಗೆ ಒಗ್ಗಿದ ರೈಜೋಬಿಯಂ ಇದೆ.

ಬಿಸಿಲು ನಾಡಿನ ನಮ್ಮ ನಂಬಿಕೆಯೂ ಅಷ್ಟೇ ಕುರುಡು. ಹೆಚ್ಚು ಬಿಸಿ ಅಂದರೆ ಹೆಚ್ಚು ಬೆಳೆ ಅಲ್ಲ. ಮಣ್ಣು 30 ಡಿಗ್ರಿ ದಾಟಿ ಮೇಲೇರುತ್ತಾ ಹೋದರೆ ಬೀನ್ಸ್‌ನ ಗಂಟು ಸೊರಗುತ್ತದೆ. ಅಲಸಂದೆ ಇನ್ನೂ ತಡೆದೀತು. ಬರಿಮೈ ಮರಳು ಮಣ್ಣು ಮಧ್ಯಾಹ್ನ ಕಾದು ಕೆಂಡವಾದಾಗ ಬೀಜಕ್ಕೆ ಅಂಟಿಸಿದ ಬ್ಯಾಕ್ಟೀರಿಯಾ ಅಲ್ಲೇ ಸಾಯುತ್ತದೆ. ನಾವು ಪ್ಯಾಕೆಟ್ಟನ್ನು ಬೈಯುತ್ತೇವೆ. ಒಣಹುಲ್ಲಿನ ಹೊದಿಕೆ ಹಾಕಿದ್ದರೆ ನೆಲ ಎಷ್ಟೋ ತಂಪಾಗಿರುತ್ತಿತ್ತು. ಇಲ್ಲಿಯವರು ನೆಲ ಬೆಚ್ಚಗಾಗಲೆಂದು ಪ್ಲಾಸ್ಟಿಕ್ ಹಾಸುತ್ತಾರೆ, ನಾವು ತಣ್ಣಗಾಗಲೆಂದು ಹುಲ್ಲು ಹಾಸಬೇಕು. ಹಾಸುವ ಮೊದಲು ಅಳೆಯುವ ಅಭ್ಯಾಸ ಮಾತ್ರ ಅವರಿಂದ ಕಲಿಯುವಂಥದ್ದು.

ನನ್ನ ಹಳದಿ ಗಿಡಗಳನ್ನು ಕೀಳದೆ ಬಿಟ್ಟೆ. ಮಣ್ಣು 20 ಡಿಗ್ರಿ ದಾಟಿದ ಮೇಲೆ ಅವು ನಿಧಾನವಾಗಿ ಹಸಿರಾದವು, ಸೀಳಿದ ಗಂಟಿನ ಒಳಗೂ ಕೆಂಪು ಕಂಡಿತು. ಪಕ್ಕದಲ್ಲಿ ಮೂರು ವಾರ ತಡವಾಗಿ ಬಿತ್ತಿದ ಸಾಲು ಅಷ್ಟರಲ್ಲಿ ಅವುಗಳ ಎತ್ತರಕ್ಕೇ ಬಂದು ನಿಂತಿತ್ತು.